ಟ್ಯಾಂಕ್ ನಳಿಕೆಗೊಂದು ಸುಳ್ಳು ಬಳೆ

1971ರ ಡಿಸೆಂಬರ್‌ನಲ್ಲಿ ಜಮ್ಮುವಿನ ಛಾಂಬ್ ವಲಯದಲ್ಲಿ ಎದುರುಬದುರಾದ ಟ್ಯಾಂಕ್‌ಗಳು ಒಂದೇ ತಾಯಿಯ ಮಕ್ಕಳು. ನಮ್ಮ ಕಡೆ ಸೋವಿಯತ್ ಮೂಲದ ಟಿ-54 ಮತ್ತು ಟಿ-55. ಆ ಕಡೆ ಚೀನಾದ ಟಿ-59. ಚೀನಾದವರು ಟಿ-54ಎ ಟ್ಯಾಂಕನ್ನೇ ತಮ್ಮ ಕಾರ್ಖಾನೆಯಲ್ಲಿ ಮಾಡಿ ಟಿ-59 ಎಂದು ಹೆಸರಿಟ್ಟಿದ್ದರು. 1965ರ ಯುದ್ಧದ ನಂತರ ಅಮೆರಿಕದ ಶಸ್ತ್ರಾಸ್ತ್ರ ಸಿಗುವುದು ಕಷ್ಟವಾದಾಗ ಪಾಕಿಸ್ತಾನ ಅದನ್ನು ಕೊಂಡಿತು. ಬಾಣಲೆ ಬೋರಲು ಹಾಕಿದಂಥ ಅದೇ ಟರೆಟ್, ಒಂದೊಂದು ಬದಿಗೆ ಅದೇ ಐದು ದೊಡ್ಡ ಚಕ್ರ, ಮೊದಲನೇ ಮತ್ತು ಎರಡನೇ ಚಕ್ರದ ನಡುವೆ ಅದೇ ಸಂದು. ಧೂಳೆದ್ದಿದೆ, ಎದುರಿನಿಂದ ಏನೋ ಬರುತ್ತಿದೆ, ಗುಂಡು ಹಾರಿಸಲು ಇರುವುದು ಕೆಲವೇ ಸೆಕೆಂಡು. ಬಂದದ್ದು ನಮ್ಮದೋ, ಅವರದೋ?

ಇದಕ್ಕೆ ಭಾರತೀಯ ಸೇನೆ ಕಂಡುಕೊಂಡ ಉಪಾಯ ಸರಳವಾಗಿತ್ತು. ತೋಪು ಹಾರಿದ ಮೇಲೆ ನಳಿಕೆಯೊಳಗೆ ಉಳಿಯುವ ಹೊಗೆ ಸಿಬ್ಬಂದಿ ಕೂತಿರುವ ಟರೆಟ್ಟಿನೊಳಗೆ ನುಗ್ಗಬಾರದು. ಅದಕ್ಕಾಗಿ ನಳಿಕೆಯ ಮೇಲೆ ಒಂದು ದಪ್ಪ ಉಬ್ಬು ಇರುತ್ತದೆ. ಅದು ಹೊಗೆಯನ್ನು ಮುಂದಕ್ಕೆ ಎಳೆದು ಬಾಯಿಂದ ಹೊರಗೆ ಹಾಕುತ್ತದೆ. ಟಿ-55 ಮತ್ತು ಟಿ-59 ಎರಡರಲ್ಲೂ ಈ ಉಬ್ಬು ನಳಿಕೆಯ ತುದಿಯಲ್ಲೇ ಇದೆ. ನಮ್ಮವರು ಏನು ಮಾಡಿದರೆಂದರೆ, ನಳಿಕೆಯ ನಡುಭಾಗಕ್ಕೆ ಇನ್ನೊಂದು ಉಬ್ಬು ತೊಡಿಸಿದರು. ಅದು ಹೊಗೆ ಎಳೆಯುವುದಿಲ್ಲ, ಬೇರೆ ಏನನ್ನೂ ಮಾಡುವುದಿಲ್ಲ. ‘ನಾನು ನಿಮ್ಮವನು, ಹೊಡೀಬೇಡಿ’ ಎಂದು ಹೇಳುವುದಷ್ಟೇ ಅದರ ಕೆಲಸ.

ಆ ಸುಳ್ಳು ಬಳೆಯನ್ನು ನಾನು 1:72 ಅಳತೆಯಲ್ಲಿ ಮಾಡುತ್ತೇನೆ. ಅಕ್ಕಿಕಾಳಿನಷ್ಟು ಉದ್ದ ಬರುತ್ತದೆ.

ಸ್ಕೇಲ್ ಮಾಡೆಲಿಂಗ್ ಅಂದರೆ ಕೆಲವರಿಗಾದರೂ ಗೊತ್ತು. ಡಬ್ಬದೊಳಗೆ ಪ್ಲಾಸ್ಟಿಕ್ ಬಿಡಿಭಾಗಗಳು ಬರುತ್ತವೆ, ಕತ್ತರಿಸಿ ಅಂಟಿಸಿ ಬಣ್ಣ ಹಚ್ಚಿ ಶೋಕೇಸಿನಲ್ಲಿಟ್ಟರೆ ಮುಗಿಯಿತು. ವಾರ್‌ಗೇಮಿಂಗ್ ಅದರ ಪಕ್ಕದ ಮನೆಯದು. ಮೇಜಿನ ಮೇಲೆ ಬೆಟ್ಟ, ಹೊಳೆ, ಹಳ್ಳಿ ಜೋಡಿಸಿ, ಮಾದರಿ ಟ್ಯಾಂಕ್‌ಗಳನ್ನು ಟೇಪಿನಿಂದ ಅಳೆದು ನಡೆಸಿ, ದಾಳ ಹಾಕಿ ಯುದ್ಧ ಆಡುವುದು. ಚದುರಂಗದ ನಾಡಿನವರಾದ ನಮಗೆ ಇದೇನು ದೊಡ್ಡ ಆಶ್ಚರ್ಯ ಅಲ್ಲ. ಈಗಿನ ರೂಪಕ್ಕೆ ಮೂಲ ಮಾತ್ರ ಯುರೋಪ್. 1824ರಲ್ಲಿ ರೈಸ್‌ವಿಟ್ಜ್ ಎಂಬ ಪ್ರಷ್ಯದ ಸೇನಾಧಿಕಾರಿ ಅಧಿಕಾರಿಗಳ ತರಬೇತಿಗೆಂದು ನಕ್ಷೆಯ ಮೇಲಿನ ಆಟವೊಂದನ್ನು ಪ್ರಕಟಿಸಿದ. 1913ರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಅದನ್ನು ಮನೆಯ ನೆಲಕ್ಕೆ, ಆಟಿಕೆ ಸೈನಿಕರಿಗೆ ಇಳಿಸಿದರು. ಆಮೇಲೆ ಇಂಗ್ಲೆಂಡಿನ ಏರ್‌ಫಿಕ್ಸ್‌ನಂಥ ಕಂಪನಿಗಳ ಅಗ್ಗದ ಪ್ಲಾಸ್ಟಿಕ್ ಟ್ಯಾಂಕ್‌ಗಳು ಬಂದ ಮೇಲೆ ವಿದ್ಯಾರ್ಥಿಗಳ ಜೇಬಿಗೂ ಇದು ಎಟುಕಿತು. ಅಲ್ಲಿನ ವಿದ್ಯಾರ್ಥಿಗಳ ಜೇಬಿಗೆ ಅನ್ನಿ. ನಮ್ಮಲ್ಲಿ ಈಗಲೂ ಒಂದು ಕಿಟ್ ತರಿಸಿದರೆ ಆ ತಿಂಗಳ ಚಾಟ್ಸ್, ಸಿನಿಮಾ ಎರಡಕ್ಕೂ ರಜೆ.

1:72 ಎಂದರೆ ಆರು ಅಡಿಗೆ ಒಂದು ಇಂಚು. ಟಿ-55ರ ಒಡಲು ಸುಮಾರು ಆರೂವರೆ ಮೀಟರ್ ಉದ್ದ. ಮಾದರಿಯಲ್ಲಿ ಅದು 9 ಸೆಂಟಿಮೀಟರ್, ಅಂಗೈಯಲ್ಲಿ ಕೂರುತ್ತದೆ. ಸಾಧಾರಣ ಎತ್ತರದ ಮನುಷ್ಯ 24 ಮಿಲಿಮೀಟರ್. ಈ ಅಳತೆಯ ಬಗ್ಗೆ ನನಗೆ ತುಂಬ ಇಷ್ಟವಾದ ಒಂದು ಸಂಗತಿ ಇದೆ. 1942ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿನ ಹೈಸ್ಕೂಲು ವಿದ್ಯಾರ್ಥಿಗಳಿಗೆ 5 ಲಕ್ಷ ಮಾದರಿ ವಿಮಾನಗಳನ್ನು ಮಾಡಿಕೊಡಿ ಎಂದು ಕರೆ ಕೊಟ್ಟಿತು. 50 ಬಗೆಯ ವಿಮಾನ, ಒಂದೊಂದು ಬಗೆಯಲ್ಲೂ 10,000. ಮರದಲ್ಲಿ ಕೆತ್ತಿ ಕಪ್ಪು ಬಣ್ಣ ಹಚ್ಚಬೇಕು, ಅಳತೆ 1:72. ಶತ್ರು ವಿಮಾನ ಯಾವುದು, ಸ್ವಂತ ವಿಮಾನ ಯಾವುದು ಎಂದು ಕಣ್ಣಳತೆಯಲ್ಲೇ ಗುರುತಿಸಲು ಸೈನಿಕರಿಗೆ ಕಲಿಸಲಿಕ್ಕೆ ಅವು ಬೇಕಾಗಿದ್ದವು. ಲೆಕ್ಕ ಸುಲಭ: ಮಾದರಿಯನ್ನು 10 ಮೀಟರ್ ದೂರದಿಂದ ನೋಡಿದರೆ ಅಸಲಿಯನ್ನು 720 ಮೀಟರ್ ದೂರದಿಂದ ನೋಡಿದಂತೆ. ಶಾಲೆಯ ಕೋಣೆಯಲ್ಲಿ ಹುಡುಗರು ಉಜ್ಜಿ ನಯ ಮಾಡಿದ ರೆಕ್ಕೆಯ ತುದಿ ಎಲ್ಲೋ ಸಮುದ್ರದ ಮೇಲೆ ಯಾರದೋ ಪ್ರಾಣ ಉಳಿಸುವ ವಸ್ತುವಾಗಿತ್ತು. ‘ಆಟಿಕೆ’ ಎಂದು ಯಾರಾದರೂ ನಕ್ಕಾಗ ನಾನು ವಾದ ಮಾಡುವುದಿಲ್ಲ, ಈ ಲೆಕ್ಕ ಹೇಳುತ್ತೇನೆ.

ಕನ್ವರ್ಷನ್ ಯಾಕೆ ಬೇಕು? ಡಬ್ಬದಲ್ಲಿ ಬರುವುದು ‘ಒಂದು ಟಿ-55’. ಯಾವ ದೇಶದ್ದು, ಯಾವ ವರ್ಷದ್ದು ಎಂದರೆ ಸಾಮಾನ್ಯವಾಗಿ ಸೋವಿಯತ್ ಪರೇಡಿನದು. ಛಾಂಬ್‌ನಲ್ಲಿ ಹೋರಾಡಿದ ಟಿ-55 ಯಾವ ಡಬ್ಬದಲ್ಲೂ ಬರುವುದಿಲ್ಲ. ಚೀನಾದ ಟ್ರಂಪೆಟರ್ ಕಂಪನಿ 1:72ರಲ್ಲಿ ಟಿ-55, ಟಿ-59 ಎರಡನ್ನೂ ಮಾಡುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಹುಡುಕುವುದೇ ಒಂದು ಪರೀಕ್ಷೆ. ಟಿ-59ರ ಟರೆಟ್ ಮೇಲೆ ಅಣಬೆಯಂಥ ಪುಟ್ಟ ಗುಮ್ಮಟ ಇದೆ, ಗಾಳಿಯಾಡಲು. ಟಿ-55ರಲ್ಲಿ ಅದಿಲ್ಲ. ಸರಿ, ಗುಮ್ಮಟ ನೋಡಿ ಶತ್ರು ಅನ್ನೋಣ ಎಂದರೆ ನಮ್ಮ ಟಿ-54ಗೂ ಅದೇ ಗುಮ್ಮಟ. ಟರೆಟ್ ಮೇಲಿನ ವಿಮಾನನಿರೋಧಕ ಮಷಿನ್‌ಗನ್ ನೋಡೋಣ ಎಂದರೆ ಅದೂ ಟಿ-54ರಲ್ಲಿ ಉಂಟು. ನಳಿಕೆಗೆ ಬಳೆ ತೊಡಿಸುವ ಬುದ್ಧಿ ಸೇನೆಗೆ ಯಾಕೆ ಬಂತು ಎಂಬುದು ನನಗೆ ಪುಸ್ತಕ ಓದಿ ಅರ್ಥವಾದದ್ದಕ್ಕಿಂತ, ಈ ಎರಡು ಕಿಟ್‌ಗಳನ್ನು ಟೇಬಲ್ ಲ್ಯಾಂಪಿನ ಕೆಳಗೆ ಹಿಡಿದಾಗ ಚೆನ್ನಾಗಿ ಅರ್ಥವಾಯಿತು.

ಬಳೆ ಮಾಡುವ ವಿಧಾನ ಹೇಳಿಬಿಡುತ್ತೇನೆ. ಮೊದಲು ಕಿಟ್ಟಿನ ಪ್ಲಾಸ್ಟಿಕ್ ನಳಿಕೆಯನ್ನು ತೆಗೆದುಹಾಕಿ. ಶೋಕೇಸಿಗಾದರೆ ಅದೇ ಸಾಕು. ಆಟಕ್ಕೆ ಸಾಲದು. ಹತ್ತು ಕೈ ಮುಟ್ಟುವ ಟ್ಯಾಂಕಿನಲ್ಲಿ ಮೊದಲು ಮುರಿಯುವುದೇ ನಳಿಕೆ. ಮೆಡಿಕಲ್ ಶಾಪಿನಲ್ಲಿ ಹೊಸ ಇಂಜೆಕ್ಷನ್ ಸೂಜಿ ಸಿಗುತ್ತದೆ, ದಪ್ಪನೆಯದು ಕೇಳಿ. ಬಳಸಿದ ಸೂಜಿಯ ತಂಟೆಗೆ ಮಾತ್ರ ಹೋಗಲೇಬೇಡಿ. ಅದರ ಚೂಪು ತುದಿಯನ್ನು ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ. ಸಣ್ಣ ಅರದಿಂದ ಸುತ್ತಲೂ ಗೆರೆ ಕೊರೆದು ಮುರಿಯಬೇಕು, ಆಮೇಲೆ ಬಾಯನ್ನು ಉಜ್ಜಿ ಮೊಂಡು ಮಾಡಬೇಕು. ಈ ಕೊಳವೆಯ ಮೇಲೆ ತೆಳು ಕಾಗದದ ಪಟ್ಟಿಯನ್ನು ಅಂಟು ಹಚ್ಚುತ್ತ ಸುತ್ತುತ್ತಾ ಹೋದರೆ ನಳಿಕೆಗೆ ಬೇಕಾದ ದಪ್ಪ ಬರುತ್ತದೆ. ತುದಿಯಲ್ಲಿ ಇನ್ನಷ್ಟು ಸುತ್ತಿದರೆ ಅಸಲಿ ಉಬ್ಬು. ನಡುವೆ ಅಕ್ಕಿಕಾಳಿನಗಲ ಸುತ್ತಿದರೆ ಸುಳ್ಳು ಉಬ್ಬು. ಫೆವಿಕ್ವಿಕ್ ಒಂದು ಹನಿ ಹೀರಿಸಿದರೆ ಕಾಗದ ಕಲ್ಲಾಗುತ್ತದೆ, ಮರಳು ಕಾಗದದಲ್ಲಿ ಉಜ್ಜಬಹುದು. ಕಿಟಕಿ ತೆರೆದಿಟ್ಟುಕೊಳ್ಳಿ, ಅದರ ಹೊಗೆ ಕಣ್ಣಿಗೆ ಚುರುಕು.

ಇದನ್ನು ಕೇಳಿದವರು ‘ಇಷ್ಟೇನಾ?’ ಅನ್ನುತ್ತಾರೆ. ಹೌದು, ಇಷ್ಟೇ. ಕಷ್ಟ ಇರುವುದು ಉಬ್ಬು ಎಲ್ಲಿ ಬರಬೇಕು ಎಂದು ತಿಳಿಯುವುದರಲ್ಲಿ. 1 ಮಿಲಿಮೀಟರ್ ತಪ್ಪಿದರೆ ಅಸಲಿಯಲ್ಲಿ 7 ಸೆಂಟಿಮೀಟರ್ ತಪ್ಪಿದಂತೆ. ಹಳೆಯ ಕಪ್ಪುಬಿಳುಪು ಚಿತ್ರಗಳಲ್ಲಿ ಟ್ಯಾಂಕ್ ಓರೆಯಾಗಿ ನಿಂತಿರುತ್ತದೆ, ಮೇಲೆ ಜನ ಕೂತಿರುತ್ತಾರೆ. ಚಕ್ರದ ವ್ಯಾಸ ಗೊತ್ತಿದ್ದರೆ ಅದನ್ನೇ ಅಳತೆಗೋಲು ಮಾಡಿಕೊಂಡು ಉಳಿದದ್ದನ್ನು ಅಂದಾಜು ಮಾಡಬೇಕು. ಹೋಗಿ ಅಸಲಿ ಟ್ಯಾಂಕನ್ನೇ ನೋಡೋಣ ಎಂದರೆ ಅಲ್ಲೂ ಒಂದು ತೊಡಕಿದೆ. ಭಾರತದ ಟಿ-55ಗಳಿಗೆ ಮುಂದೆ 105 ಮಿ.ಮೀ. ತೋಪು ಕೂರಿಸಿದರು. ಆ ತೋಪಿನ ಅಸಲಿ ಹೊಗೆ ಉಬ್ಬೇ ನಳಿಕೆಯ ತುದಿಯಿಂದ ದೂರ, ಹಿಂದಕ್ಕಿದೆ! ಸ್ಮಾರಕಗಳ ಮುಂದೆ ನಿಂತ ಟಿ-55ರ ನಳಿಕೆಯಲ್ಲಿ ಹಿಂದೆ ಉಬ್ಬು ಕಂಡರೆ ಅದು 1971ರ ಸುಳ್ಳೋ ಆಮೇಲಿನ ನಿಜವೋ ನೋಡಿಕೊಳ್ಳಬೇಕು. ತುದಿಯಲ್ಲೂ ಒಂದು ಉಬ್ಬು ಇದ್ದರೆ ಮಾತ್ರ ನಡುವಿನದು ಸುಳ್ಳು.

ಹಾಗಾದರೂ ಹೋಗಿ ನೋಡುವುದನ್ನು ಬಿಡಬಾರದು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಈಗ ಮ್ಯೂಸಿಯಂ. ಅದರ ಅಂಗಳದಲ್ಲಿ ಒಂದು ಟಿ-55 ಇದೆ. ಹಾಸನದಿಂದ ಬೆಳಗಿನ ಬಸ್ಸಿಗೆ ಹೋಗಿ, ಉಳಿದವರೆಲ್ಲ ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುವಾಗ ನಾನು ಹಿಂಬದಿಯ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತು ಗೀಟು ಹಾಕುತ್ತಿದ್ದೆ. ಆ ಭೇಟಿಯಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಚೈನಿನದು. ಈ ಟ್ಯಾಂಕಿಗೆ ಮೇಲ್ಭಾಗದ ಚೈನನ್ನು ಹೊರುವ ಸಣ್ಣ ಉರುಳೆಗಳಿಲ್ಲ. ಹಾಗಾಗಿ ಚೈನು ಜೋಲುಬಿದ್ದು ಚಕ್ರಗಳ ಬೆನ್ನ ಮೇಲೆ ಮಲಗುತ್ತದೆ. ಕಿಟ್ಟಿನ ಮೆತ್ತನೆಯ ಚೈನು ಪಟ್ಟಿ ಹಗ್ಗದಂತೆ ಬಿಗಿಯಾಗಿ ನಿಲ್ಲುತ್ತದೆ, ಅದೊಂದೇ ಸಾಕು ಇಡೀ ಟ್ಯಾಂಕ್ ಪ್ಲಾಸ್ಟಿಕ್ ಎಂದು ಸಾರಿ ಹೇಳಲು. ಅದನ್ನು ಚಕ್ರದ ಮೇಲೆ ಬೆರಳಿನಿಂದ ಒತ್ತಿ ಹಿಡಿದು ಅಂಟು ಹಾಕಿದರೆ ತಟ್ಟನೆ ಮೂವತ್ತಾರು ಟನ್ ತೂಕ ಬಂದುಬಿಡುತ್ತದೆ.

ಸಾಮಾನು ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ: ಬಹುಪಾಲು ಮನೆಯ ಕಸದಲ್ಲಿ. ಮೊಸರಿನ ಕಪ್ಪು, ಐಸ್‌ಕ್ರೀಮ್ ಡಬ್ಬದ ತಳ ನೋಡಿ. ತ್ರಿಕೋನದೊಳಗೆ 6 ಎಂದಿದ್ದರೆ ಅದು ಪಾಲಿಸ್ಟೈರೀನ್, ಕಿಟ್ಟಿನ ಪ್ಲಾಸ್ಟಿಕ್ಕಿನ ಜಾತಿಯದೇ. ಮಾಡೆಲ್ ಅಂಟು ಅದನ್ನು ಕರಗಿಸಿ ಬೆಸೆಯುತ್ತದೆ. 5 ಎಂದಿದ್ದರೆ ಎಷ್ಟು ಅಂಟು ಸುರಿದರೂ ಹಿಡಿಯುವುದಿಲ್ಲ, ಎಸೆಯಿರಿ. ಹಳೆಯ ಸಿ.ಡಿ. ಡಬ್ಬವೂ ಪಾಲಿಸ್ಟೈರೀನೇ. ಕಿಟ್ಟಿನ ಬಿಡಿಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಉರಿಯ ಮೇಲಕ್ಕೆ ಹಿಡಿದು, ಮೆತ್ತಗಾದಾಗ ಎಳೆದರೆ ಕೂದಲೆಳೆಯಷ್ಟು ಸಣ್ಣ ದಾರ ಬರುತ್ತದೆ. ಎಂ-ಸೀಲ್‌ನಲ್ಲಿ ಮರಳಿನ ಮೂಟೆ ಮಾಡಬಹುದು. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಹೊದಿಸಿದರೆ ಮರೆಬಲೆ. ಟಿಶ್ಯೂ ಪೇಪರ್ ಹಾಗೆಯೇ ಅದ್ದಿ ಸುತ್ತಿದರೆ ಟಾರ್ಪಾಲು. ಕೆಸರಿನಲ್ಲಿ ಹೂತರೆ ಚೈನಿನಡಿ ಕೊಡಲು ಈ ಟ್ಯಾಂಕಿನ ಹಿಂಬದಿಯಲ್ಲಿ ಒಂದು ಮರದ ದಿಮ್ಮಿ ಕಟ್ಟಿರುತ್ತಾರೆ. ಅದಕ್ಕೆ ನಮ್ಮ ಹಿತ್ತಲ ದಾಸವಾಳದ ಒಣಕಡ್ಡಿಗಿಂತ ಒಳ್ಳೆಯದು ಯಾವ ಕಂಪನಿಯೂ ಮಾಡಿಲ್ಲ.

ಆಟದ ಮಾದರಿಗೆ ಮಾತ್ರ ಒಂದು ಹಿಡಿತ ಬೇಕು. ಟರೆಟ್ ಸುತ್ತಲಿನ ಹಿಡಿಕೆಗಳನ್ನೇ ತೆಗೆದುಕೊಳ್ಳಿ. ಅಳತೆ ಪ್ರಕಾರ ತಂತಿ ಸುಮಾರು 0.35 ಮಿ.ಮೀ. ಇರಬೇಕು. ನಾನು 0.5ರ ತಂತಿ ಹಾಕುತ್ತೇನೆ. ಸ್ವಲ್ಪ ದಪ್ಪವೇ, ಆದರೆ ಗೆಳೆಯನ ಹೆಬ್ಬೆರಳಿಗೆ ಬಗ್ಗುವುದಿಲ್ಲ. ಆಂಟೆನಾಗೆ ತಂತಿ ಬೇಡ, ಬ್ರಷ್ಷಿನ ಒಂದು ಎಳೆ ಹಾಕಿ, ಕೈ ತಗುಲಿದರೆ ಬಾಗುತ್ತದೆ, ಚುಚ್ಚುವುದಿಲ್ಲ. ಒಡಲೊಳಗೆ ಎರಡು ನಾಣ್ಯ ಅಂಟಿಸಿದರೆ ಫ್ಯಾನ್ ಗಾಳಿಗೆ ಅಲ್ಲಾಡದು. ಟರೆಟ್ ಕೆಳಗೊಂದು ಪುಟ್ಟ ಮ್ಯಾಗ್ನೆಟ್ ಇದ್ದರೆ ತಿರುಗುತ್ತದೆ, ಬೀಳುವುದಿಲ್ಲ. ಬಣ್ಣವನ್ನು ಅಸಲಿಗಿಂತ ಒಂದು ಬೆರಳು ತಿಳಿಯಾಗಿ ಹಚ್ಚಬೇಕು. ಸಣ್ಣ ವಸ್ತುವಿನ ಮೇಲೆ ಅಸಲಿ ಆಲಿವ್ ಹಸಿರು ಹಚ್ಚಿದರೆ ಕಪ್ಪಗೆ ಕಾಣುತ್ತದೆ. ಟ್ಯಾಂಕಿನೊಳಗಿನ ವಿವರಗಳನ್ನು ಮುಟ್ಟುವುದೇ ಇಲ್ಲ. ಮೂರು ಅಡಿ ದೂರದಿಂದ ಕಾಣದ್ದಕ್ಕೆ ರಾತ್ರಿಯ ನಿದ್ದೆ ಕೊಡಬಾರದು ಎಂದು ನನ್ನ ಅಭಿಪ್ರಾಯ. ಪ್ರದರ್ಶನದ ಮಾಡೆಲರ್‌ಗಳು ಒಪ್ಪುವುದಿಲ್ಲ. ಅವರ ಟ್ಯಾಂಕ್ ಗಾಜಿನ ಪೆಟ್ಟಿಗೆಯಲ್ಲಿರುತ್ತದೆ, ನನ್ನದು ಚಪಾತಿ ಡಬ್ಬದಲ್ಲಿ.

ಸಿ.ವಿ.ಯಲ್ಲಿ ಹವ್ಯಾಸದ ಜಾಗದಲ್ಲಿ ಇದನ್ನು ಬರೆದಿದ್ದೇನೆ. ‘ರೀಡಿಂಗ್, ಮ್ಯೂಸಿಕ್’ ಬಿಟ್ಟು ಬೇರೆ ಏನು ಬರೆದರೂ ಇಂಟರ್‌ವ್ಯೂನಲ್ಲಿ ಅದರ ಮೇಲೆಯೇ ಪ್ರಶ್ನೆ ಬರುತ್ತದೆ, ಅದಕ್ಕೆ ಸಿದ್ಧರಾಗಿರಿ. ನನಗೆ ಒಬ್ಬರು ಕೇಳಿದ್ದು, ‘ಟಾಯ್ಸಾ?’ ಸೂಜಿ ಕತ್ತರಿಸುವ ಕ್ರಮ, ಚಿತ್ರದಿಂದ ಅಳತೆ ತೆಗೆಯುವ ಕ್ರಮ ಹೇಳಿದೆ. ಅವರು ಹತ್ತು ನಿಮಿಷ ಕೇಳಿದರು. ಕೆಲಸ ಸಿಗಲಿಲ್ಲ, ಅದು ಬೇರೆ ಮಾತು.

ನನ್ನ ಮೊದಲ ಆರು ಟ್ಯಾಂಕ್‌ಗಳು ಸಿದ್ಧವಾದಾಗ ಅವನ್ನು ನೋಡಿದವರಲ್ಲಿ ಮುಖ್ಯರಾದವರು ನಮ್ಮ ಬೀದಿಯ ಕೊನೆ ಮನೆಯ ಹವಾಲ್ದಾರ್ ತಾತ. ನಿವೃತ್ತರು. ಸೇರಿದ್ದು 71ರ ಯುದ್ಧ ಮುಗಿದ ಮೇಲೆ, ಆದರೆ ವರ್ಷಗಟ್ಟಲೆ ರಾಜಸ್ಥಾನದ ಮರಳಿನಲ್ಲಿ ಟಿ-55ರೊಳಗೆ ಕೂತವರು. ಒಂದನ್ನು ಅಂಗೈ ಮೇಲಿಟ್ಟುಕೊಂಡು, ಕನ್ನಡಕ ಹಣೆಗೇರಿಸಿ, ಸುತ್ತ ತಿರುಗಿಸಿ ನೋಡಿದರು.

“ಚೆನ್ನಾಗದೆ ಮರಿ. ಇದು ಶೋರೂಮಿಂದ ಈಗ ತಾನೆ ಬಂತಾ?”

“ಯಾಕೆ ತಾತ?”

“ಇದ್ರಲ್ಲಿ ಯಾರೂ ವಾಸ ಇಲ್ಲ.”

ಆಮೇಲೆ ಅವರು ಹೇಳುತ್ತಾ ಹೋದರು, ನಾನು ಪಕ್ಕದಲ್ಲಿದ್ದ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಳ್ಳುತ್ತಾ ಹೋದೆ. ಟರೆಟ್ಟಿನ ಹಿಂದೆ ನಾಲ್ಕು ಜನರ ಹಾಸಿಗೆ ಸುರುಳಿ. ನೀರಿನ ಕ್ಯಾನು, ಡೀಸೆಲ್ಲಿನದರ ಜೊತೆ ಬೆರೆಯದ ಹಾಗೆ ಬೇರೆ ಕಡೆ. ಬಲೆ ಯಾವಾಗಲೂ ಕೈಗೆ ಸಿಗುವಂತೆ ಮೇಲೆ. ಎಳೆಯುವ ಉಕ್ಕಿನ ಹಗ್ಗ. ಒಣಗಲು ಹಾಕಿದ ಬನಿಯನ್. ಚಹಾ ಕಾಸುವ ಡೇಗ್ಚಿ, ಮಸಿ ಹಿಡಿದದ್ದು.

“ಡೇಗ್ಚಿ ಇಲ್ದಿರೋ ಟ್ಯಾಂಕ್ ನಾ ಕಂಡೇ ಇಲ್ಲ” ಅಂದರು.

1:72ರಲ್ಲಿ ಡೇಗ್ಚಿ ಎಂದರೆ ಹೆಚ್ಚೆಂದರೆ 5 ಮಿಲಿಮೀಟರ್. ಅಮ್ಮನ ಹೊಲಿಗೆ ಡಬ್ಬದಲ್ಲಿ ರವಿಕೆಗೆ ಹಾಕುವ ಪ್ರೆಸ್ ಬಟನ್ ಇತ್ತು. ಅದರ ಒಂದು ಅರ್ಧವನ್ನು ಬೋರಲು ಮಾಡಿ, ಅಂಚು ಉಜ್ಜಿ, ಕಪ್ಪು ಬಣ್ಣ ಹಚ್ಚಿದರೆ ಪಾತ್ರೆ. ಆರು ಟ್ಯಾಂಕಿಗೆ ಆರು ಪಾತ್ರೆ. ತಾತನ ನೆನಪು ಎಂಬತ್ತರ ದಶಕದ್ದು, ಛಾಂಬ್‌ನದಲ್ಲ. ಆದ್ದರಿಂದ ಟ್ಯಾಂಕಿನ ಮೇಲಿನ ಗುರುತು, ಅಂಕಿಗಳ ವಿಷಯದಲ್ಲಿ ನಾನು ಚಿತ್ರಗಳನ್ನೇ ನಂಬುತ್ತೇನೆ. ಹಸಿವು, ಚಳಿ, ಚಹಾ ವಿಷಯದಲ್ಲಿ ತಾತನನ್ನು.

ಇನ್ನು ಆಟ. ನಾವು ನಾಲ್ವರು, ಊಟದ ಮೇಜಿನ ಮೇಲೆ 6 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್. ಇಲ್ಲಿ ಒಂದು ಮೋಸವನ್ನು ಎಲ್ಲರೂ ಒಪ್ಪಿಕೊಂಡೇ ಆಡುತ್ತಾರೆ. ಟ್ಯಾಂಕ್ 1:72 ಆದರೂ ನೆಲ ಆ ಅಳತೆಯದಲ್ಲ. ಹಾಗೆ ಮಾಡಹೊರಟರೆ ಒಂದು ಕಿಲೋಮೀಟರಿಗೆ 14 ಮೀಟರ್ ಉದ್ದದ ಮೇಜು ಬೇಕು, ಅದಕ್ಕೆ ಕಲ್ಯಾಣಮಂಟಪ ಬುಕ್ ಮಾಡಬೇಕಾದೀತು. ನಾವು 10 ಮೀಟರಿಗೆ ಒಂದು ಸೆಂಟಿಮೀಟರ್ ಇಟ್ಟುಕೊಂಡಿದ್ದೇವೆ. ಹೀಗಾಗಿ ಲೆಕ್ಕಕ್ಕೆ ಹೋದರೆ ನಮ್ಮ ಟ್ಯಾಂಕ್ 90 ಮೀಟರ್ ಉದ್ದದ ರಾಕ್ಷಸ. ಯಾರೂ ಲೆಕ್ಕಕ್ಕೆ ಹೋಗುವುದಿಲ್ಲ.

ಛಾಂಬ್ ಆರಿಸಿಕೊಂಡದ್ದಕ್ಕೆ ಒಬ್ಬ ಗೆಳೆಯನ ತಕರಾರು ಇತ್ತು. ‘ಲೊಂಗೇವಾಲಾ ಆಡೋಣ, ಬಸಂತರ್ ಆಡೋಣ, ಇದ್ಯಾಕೆ?’ ಅವನ ಮಾತಿನಲ್ಲಿ ಅರ್ಥ ಇತ್ತು. ಛಾಂಬ್ ನಾವು ಸಂಭ್ರಮಿಸುವ ಕದನ ಅಲ್ಲ. ಡಿಸೆಂಬರ್ 3ರ ರಾತ್ರಿ ದಾಳಿ ಶುರುವಾಯಿತು. 6-7ರ ರಾತ್ರಿ ನಮ್ಮ ಪಡೆ ಮುನಾವರ್ ತವಿ ನದಿಯ ಈಚೆ ದಡಕ್ಕೆ ಹಿಂದೆ ಸರಿಯಬೇಕಾಯಿತು. ನಂತರ ನದಿ ದಾಟಿ ಬಂದವರನ್ನು ನಮ್ಮವರು ಹಿಂದಕ್ಕಟ್ಟಿದರು. ದಾಳಿ ನಡೆಸಿದ ಪಾಕಿಸ್ತಾನಿ ಡಿವಿಷನ್ನಿನ ಮುಖ್ಯಸ್ಥ ಮೇಜರ್ ಜನರಲ್ ಇಫ್ತಿಕಾರ್ ಜಂಜುವಾ ಅದೇ ಕದನದ ನಡುವೆ ಹೆಲಿಕಾಪ್ಟರ್ ಅಪಘಾತದಲ್ಲಿ ಸತ್ತರು. 1972ರ ಶಿಮ್ಲಾ ಒಪ್ಪಂದದ ನಂತರವೂ ನದಿಯಾಚೆಯ ಛಾಂಬ್ ಅವರ ಬಳಿಯೇ ಉಳಿಯಿತು. ಗೆದ್ದ ಕದನದಲ್ಲಿ ಆಟಗಾರ ಅಲಸಿಯಾಗುತ್ತಾನೆ, ಇತಿಹಾಸ ತನ್ನ ಪರ ಇದೆ ಎಂದುಕೊಳ್ಳುತ್ತಾನೆ. ಇಲ್ಲಿ ಪ್ರತಿ ನಡೆಗೂ ಯೋಚಿಸಬೇಕು. ಜೊತೆಗೆ ಒಂದೇ ರೂಪದ ಟ್ಯಾಂಕ್‌ಗಳು ಎದುರುಬದುರಾದ ಕದನ ಇದು. ನನ್ನ ಬಳೆಗೆ ಇಲ್ಲದಿದ್ದರೆ ಕೆಲಸ ಎಲ್ಲಿ?

ಆ ಬಳೆಗಾಗಿ ನಾವೇ ಒಂದು ನಿಯಮ ಮಾಡಿಕೊಂಡೆವು. ಮೇಜಿನ ದೂರದ ತುದಿಯಲ್ಲಿ ಟ್ಯಾಂಕ್ ಕಾಣಿಸಿಕೊಂಡಾಗ ಗುಂಡು ಹಾರಿಸುವವನು ಹಾಲಿನ ಗೋಡೆಗೆ ಬೆನ್ನು ಕೊಟ್ಟು, ಮೇಜಿನ ಮಟ್ಟಕ್ಕೆ ಕಣ್ಣಿಟ್ಟು ಮಂಡಿಯೂರಬೇಕು. ಅಲ್ಲಿಂದ ಟ್ಯಾಂಕಿಗೆ ನಾಲ್ಕು ಮೀಟರ್, ಅಂದರೆ ಅಸಲಿಯಲ್ಲಿ 288 ಮೀಟರ್. ಸುರುಳಿ ಸುತ್ತಿದ ಪತ್ರಿಕೆಯೊಳಗಿಂದ ಐದು ಎಣಿಸುವವರೆಗೆ ನೋಡಬಹುದು. ಆಮೇಲೆ ‘ನಮ್ಮದು’ ಅಥವಾ ‘ಅವರದು’ ಅನ್ನಬೇಕು. ಅಂದ ಮೇಲೆ ಮಾತು ಹಿಂದಕ್ಕಿಲ್ಲ. ಟ್ಯಾಂಕ್‌ಗಳನ್ನು ಗುಡ್ಡದ ಹಿಂದಿನಿಂದ ತಂದಿಡುವುದು ಅಂಪೈರ್, ಯಾವುದೆಂದು ಅವನಿಗೆ ಮಾತ್ರ ಗೊತ್ತು.

ಮೊದಲೆರಡು ಭಾನುವಾರ ಎಲ್ಲರೂ ಸರಿಯಾಗಿ ಹೇಳಿದರು. ಬಳೆ ಸ್ಪಷ್ಟವಾಗಿ ಕಾಣುತ್ತಿತ್ತು. ಮೂರನೇ ಭಾನುವಾರ ಆಟ ನೋಡಲು ಬಂದ ತಾತ ಮತ್ತೆ ತಲೆಯಾಡಿಸಿದರು. ಟ್ಯಾಂಕ್ ಓಡಿದರೆ ಧೂಳು ಏಳದೆ ಇರುತ್ತದೆಯೇ? ಮೇಲೆ ಬಲೆ ಇಳಿಬಿದ್ದಿರುತ್ತದೆ, ಮರೆಗೆ ಕೊಂಬೆ ಸಿಕ್ಕಿಸಿರುತ್ತಾರೆ. “ಅಷ್ಟು ನೀಟಾಗಿ ಕಾಣೋದಾದ್ರೆ ಬಳೆ ಯಾಕೆ, ಬೋರ್ಡೇ ಬರಸ್ಬೋದಿತ್ತು” ಅಂದರು.

ಸರಿ ಎಂದು ಒಂದು ವಾರ ಕೂತು ಹಳದಿ ಕಂದು ಸೀಮೆಸುಣ್ಣ ಪುಡಿ ಮಾಡಿ ಚಕ್ರದಿಂದ ಟರೆಟ್‌ವರೆಗೆ ಧೂಳು ಹಿಡಿಸಿದೆ. ನಳಿಕೆಯ ಬುಡದಿಂದ ಗಾಜ್ ಬಲೆಯ ತುದಿ ಇಳಿಬಿಟ್ಟೆ, ಒಂದೆರಡರಲ್ಲಿ ಅದು ನಡುವಿನವರೆಗೂ ಬಂತು. ಎರಡೂ ಪಡೆಗೆ ಒಂದೇ ಧೂಳು, ಒಂದೇ ಬಲೆ. ಮಾದರಿಗಳು ಹಿಂದೆಂದಿಗಿಂತ ಚೆನ್ನಾಗಿ ಕಂಡವು. ಅಂದರೆ, ಹಿಂದೆಂದಿಗಿಂತ ಒಂದರ ಹಾಗೆ ಇನ್ನೊಂದು ಕಂಡವು.

ಆ ಭಾನುವಾರ ಐ.ಟಿ.ಐ. ಮುಗಿಸಿ ಕೆಲಸ ಹುಡುಕುತ್ತಿರುವ ಗೆಳೆಯ ಮಂಡಿಯೂರಿದ. ಕಣ್ಣು ಚುರುಕಿನವನು. ನನ್ನ ಟ್ಯಾಂಕ್‌ಗಳ ರಂಧ್ರಗಳನ್ನೆಲ್ಲ ಕೊರೆದುಕೊಟ್ಟವನೂ ಅವನೇ. ಐದು ಎಣಿಸಿದ. “ಅವರದು.” ದಾಳ ಹಾಕಿದ, ಆರು ಬಿತ್ತು. ಅಂಪೈರ್ ಟ್ಯಾಂಕನ್ನು ಎತ್ತಿ ದೀಪದ ಕೆಳಗೆ ಹಿಡಿದ. ಬಲೆಯ ಕೆಳಗೆ ಅಕ್ಕಿಕಾಳಿನಷ್ಟು ಬಳೆ.

ನಾವು ನಕ್ಕೆವು. ಗೆಳೆಯನೂ ನಕ್ಕ. ನಾಶವಾದ ಟ್ಯಾಂಕಿನ ಮೇಲೆ ಕಪ್ಪು ಬಣ್ಣದ ಹತ್ತಿ ಇಡುವುದು ಈ ಆಟದ ವಾಡಿಕೆ, ಅದು ಹೊಗೆ. ನಾನು ಹತ್ತಿ ಇಟ್ಟೆ. ತಾತ ಮೇಜಿನ ಹತ್ತಿರ ಬಂದು ಬಗ್ಗಿ ನೋಡಿದರು.

“ಒಳಗಿದ್ದ ನಾಲ್ಕು ಜನ?”

ಆ ಪ್ರಶ್ನೆಗೆ ನಮ್ಮ ನಿಯಮ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಟ್ಯಾಂಕ್ ಹೋಯಿತು ಎಂದರೆ ಆಟ ಅದನ್ನು ಮೇಜಿನಿಂದ ತೆಗೆದುಬಿಡುತ್ತದೆ. ತಾತ ಕೋಪಿಸಿಕೊಂಡಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. ಕಮಾಂಡರ್, ಗನ್ನರ್, ಲೋಡರ್ ಮೂವರಿಗೆ ಮೇಲಿರುವುದು ಎರಡೇ ಬಾಗಿಲು, ಡ್ರೈವರ್‌ಗೆ ಮುಂದೆ ಒಂದು. ತೋಪು ಅವನ ತಲೆಯ ಮೇಲೆ ಅಡ್ಡ ನಿಂತಿದ್ದರೆ ಆ ಬಾಗಿಲು ತೆರೆಯುವುದು ಕಷ್ಟ. ಇದನ್ನೆಲ್ಲ ಅವರು ಬೆರಳಿನಿಂದ ನನ್ನ ಮಾದರಿಯ ಮೇಲೆಯೇ ತೋರಿಸಿದರು. ಆ ಬಾಗಿಲುಗಳನ್ನು ನಾನೇ ಅಂಟಿಸಿದ್ದೆ. ಅವು ಯಾರೋ ಹೊರಗೆ ಬರಬೇಕಾದ ದಾರಿ ಎಂದು ಆವತ್ತಿನವರೆಗೆ ನೋಡಿರಲಿಲ್ಲ.

ಯುದ್ಧವನ್ನು ಆಟ ಮಾಡುವುದು ಸರಿಯೇ ಎಂದು ಕೇಳುವವರು ಇದ್ದಾರೆ, ಕೇಳಬೇಕಾದ್ದೇ. ಮೊಬೈಲಿನಲ್ಲಿ ದಿನಕ್ಕೆ ನೂರು ಜನರನ್ನು ಕೊಲ್ಲುವವರು ಕೇಳಿದರೆ ಮಾತ್ರ ನನಗೆ ನಗು ಬರುತ್ತದೆ. ನಾವು ಆಟ ಬಿಡಲಿಲ್ಲ, ನಿಯಮ ಸೇರಿಸಿದೆವು. ಟ್ಯಾಂಕಿಗೆ ಏಟು ಬಿದ್ದರೆ ನಾಲ್ವರಿಗೂ ಬೇರೆ ಬೇರೆ ದಾಳ. ಡ್ರೈವರ್‌ಗೆ ಹಾಕುವ ಮೊದಲು ನಳಿಕೆ ಯಾವ ಕಡೆ ತಿರುಗಿದೆ ನೋಡಬೇಕು. ಹೊರಬಂದವರಿಗೆ 24 ಮಿ.ಮೀ.ನ ಗೊಂಬೆ ಮೇಜಿನ ಮೇಲೆ ಬರುತ್ತದೆ, ಅವರನ್ನು ಸುರಕ್ಷಿತ ಜಾಗಕ್ಕೆ ನಡೆಸಬೇಕು. ಕೊನೆಯ ಲೆಕ್ಕದಲ್ಲಿ ಟ್ಯಾಂಕಿಗಿಂತ ಜನರಿಗೆ ಹೆಚ್ಚು ಅಂಕ. ಇದರಿಂದ ಆಟ ಒಂದು ಗಂಟೆ ಉದ್ದವಾಯಿತು. ವಿಚಿತ್ರ ಎಂದರೆ ಗುಂಡು ಹಾರಿಸುವ ಮೊದಲು ಎಲ್ಲರೂ ಪತ್ರಿಕೆಯ ಸುರುಳಿಯೊಳಗೆ ಐದು ಎಣಿಸುವುದು ಈಗ ನಿಧಾನವಾಗಿದೆ. ಐ.ಟಿ.ಐ. ಗೆಳೆಯನಂತೂ ಎರಡು ಸಲ ಗುಂಡು ಹಾರಿಸದೆ ಬಿಟ್ಟ, ಒಮ್ಮೆ ಅದೇ ಕಾರಣಕ್ಕೆ ಸೋತ.

ಧೂಳು ಒರೆಸಿ ಬಳೆ ಕಾಣುವಂತೆ ಮಾಡು ಎಂದು ಉಳಿದಿಬ್ಬರು ಒತ್ತಾಯ ಮಾಡಿದರು. ನಾನು ಅರ್ಧ ಒಪ್ಪಿದೆ. ಬಲೆಯನ್ನು ನಳಿಕೆಯಿಂದ ಹಿಂದಕ್ಕೆ ಸರಿಸಿದೆ. ತಾವೇ ತೊಡಿಸಿದ ಗುರುತನ್ನು ಯಾವ ಸಿಬ್ಬಂದಿಯೂ ತಾವೇ ಮುಚ್ಚಿಕೊಳ್ಳಲಾರರು ಎಂದು ನನ್ನ ವಾದ. ಧೂಳು ಮಾತ್ರ ಹಾಗೆಯೇ ಇದೆ.

ಈಗ ಎರಡನೇ ಹಂತಕ್ಕೆ ಮುನಾವರ್ ತವಿ ಮಾಡಬೇಕು. ನದಿಪಾತ್ರಕ್ಕೆ ಹೇಮಾವತಿ ದಡದ ಮರಳನ್ನು ಎರಡು ಸಲ ಜರಡಿ ಹಿಡಿದಿಟ್ಟಿದ್ದೇನೆ. 1:72ಕ್ಕೆ ಒಂದೊಂದು ಮರಳಿನ ಕಣವೂ ಗುಂಡುಕಲ್ಲು, ಇನ್ನೊಂದು ಸಲ ಹಿಡಿಯಬೇಕು. ಟಿ-59ಗಳಿಗೆ ಇನ್ನೂ ಹಾಸಿಗೆ ಸುರುಳಿ ಕಟ್ಟಿಲ್ಲ. ಹೊಲಿಗೆ ಡಬ್ಬದಲ್ಲಿ ಪ್ರೆಸ್ ಬಟನ್ ಮುಗಿದಿದೆ, ಒಂದು ಡಜನ್ ತರಬೇಕು. ಅವರ ಟ್ಯಾಂಕಿಗೂ ಡೇಗ್ಚಿ ಬೇಕಲ್ಲ.